ಬೇರೆಯಾಗಿದ್ದು 1776ರಲ್ಲಿ, ಒಂದಾಗಿದ್ದು ಯಾವಾಗ? ಹದಿಮೂರು ವಸಾಹತುಗಳು ಅಮೆರಿಕವಾದ ಕಥೆ

ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮಣ್ಣನ ಮಗಳು ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿದಳು. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಅವಳ ಶಾಲೆಯಲ್ಲಿ ಅದರದ್ದೇ ಮಾತು. "ಚಿಕ್ಕಪ್ಪ, ಇಂಡಿಯಾದವರು ಬ್ರಿಟಿಷರನ್ನು ಓಡಿಸಿದ್ದು ಅರ್ಥ ಆಗುತ್ತೆ. ಅವರು ಹೊರಗಿನವರು. ಆದ್ರೆ ಇಲ್ಲಿ ಇದ್ದವರೂ ಬ್ರಿಟಿಷರೇ ಅಲ್ವಾ? ತಮ್ಮವರ ಮೇಲೇ ಯಾಕೆ ತಿರುಗಿಬಿದ್ರು?"

ನನಗೆ ಆ ಪ್ರಶ್ನೆ ತುಂಬ ಇಷ್ಟವಾಯಿತು. ನಮ್ಮಲ್ಲಿ ಈ ಕಥೆ ಗೊತ್ತಿರುವುದು ಮೂರು ಸಾಲಿನಲ್ಲಿ: ತೆರಿಗೆ ಹಾಕಿದರು, ಚಹಾ ಸಮುದ್ರಕ್ಕೆ ಎಸೆದರು, ವಾಷಿಂಗ್ಟನ್ ಗೆದ್ದರು. ಅವಳು ಕೇಳಿದ 'ಯಾಕೆ' ಈ ಮೂರು ಸಾಲಿನಲ್ಲಿ ಎಲ್ಲೂ ಇಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಯಾವ ಥರದ ವಸಾಹತು?

ವಸಾಹತು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಭಾರತ. ಕೆಲವೇ ಸಾವಿರ ಬ್ರಿಟಿಷರು ಬಂದರು, ಕೋಟ್ಯಂತರ ಜನರನ್ನು ಆಳಿದರು, ಕೊನೆಗೆ ಹೊರಟುಹೋದರು. ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ನಡೆದದ್ದು ಬೇರೆ. ಅಲ್ಲಿಗೆ ಬಂದವರು ಆಳಲು ಬಂದವರಲ್ಲ, ನೆಲೆಸಲು ಬಂದವರು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರ ಮೊದಲ ಗಟ್ಟಿ ನೆಲೆ ಆಯಿತು. ಆಮೇಲಿನ ನೂರೈವತ್ತು ವರ್ಷಗಳಲ್ಲಿ ಅಂಥ ಹದಿಮೂರು ವಸಾಹತುಗಳು ಬೆಳೆದವು.

ಆ ನೆಲ ಖಾಲಿ ಬಿದ್ದಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಮೂಲನಿವಾಸಿಗಳಿದ್ದರು. ಅವರನ್ನು ರೋಗ, ಯುದ್ಧ, ಮೋಸದ ಒಪ್ಪಂದಗಳು ಹಿಂದಕ್ಕೆ ತಳ್ಳುತ್ತಾ ಹೋದವು. 1775ರ ಹೊತ್ತಿಗೆ ಈ ಹದಿಮೂರು ವಸಾಹತುಗಳಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲಿ ಸುಮಾರು 5 ಲಕ್ಷ ಮಂದಿ ಆಫ್ರಿಕಾ ಮೂಲದ ಗುಲಾಮರು. ಮುಂದೆ 'ಜನ' ಎಂದು ಬಂದಾಗೆಲ್ಲ ಈ ಎರಡು ಗುಂಪುಗಳನ್ನು ನೆನಪಿಡಿ. ಆ ಕಾಲದ ರಾಜಕೀಯ ಪತ್ರಗಳಲ್ಲಿ 'ಜನ' ಅಂದರೆ ಇವರು ಅಲ್ಲ.

ಹದಿಮೂರಕ್ಕೂ ಒಂದಕ್ಕೊಂದು ನಂಟು ಕಡಿಮೆ. ಮ್ಯಾಸಚೂಸೆಟ್ಸ್‌ನಲ್ಲಿ ಮೀನುಗಾರಿಕೆ, ಹಡಗು ಕಟ್ಟುವ ಕೆಲಸ. ಪೆನ್ಸಿಲ್ವೇನಿಯಾದಲ್ಲಿ ಗೋಧಿ. ವರ್ಜೀನಿಯಾದಲ್ಲಿ ಹೊಗೆಸೊಪ್ಪು. ದಕ್ಷಿಣ ಕೆರೊಲಿನಾದಲ್ಲಿ ಭತ್ತ ಮತ್ತು ನೀಲಿ ಬಣ್ಣ ಕೊಡುವ ಗಿಡ. ಒಂದೊಂದಕ್ಕೂ ಒಬ್ಬ ಗವರ್ನರ್, ಒಂದು ಶಾಸನಸಭೆ. ವರ್ಜೀನಿಯಾದವನು "ನನ್ನ ದೇಶ" ಎಂದರೆ ಅವನ ಮನಸ್ಸಿನಲ್ಲಿದ್ದದ್ದು ವರ್ಜೀನಿಯಾ. 'ಅಮೆರಿಕ' ಒಂದು ಭೂಭಾಗದ ಹೆಸರು, ಅಷ್ಟೇ.

ಲಂಡನ್ನಿನಿಂದ ಒಂದು ಆದೇಶ ಹಡಗಿನಲ್ಲಿ ಬರಲು ಆರರಿಂದ ಎಂಟು ವಾರ ಬೇಕಿತ್ತು. ಉತ್ತರ ಹೋಗಲು ಮತ್ತೆ ಅಷ್ಟೇ. ಹಾಗಾಗಿ ದಿನನಿತ್ಯದ ಆಡಳಿತವನ್ನು ಅಲ್ಲಿನವರೇ ನಡೆಸಿಕೊಳ್ಳುತ್ತಿದ್ದರು. ತೆರಿಗೆ ಎಷ್ಟು, ರಸ್ತೆ ಎಲ್ಲಿ, ಗವರ್ನರ್ ಸಂಬಳ ಎಷ್ಟು ಎಂಬುದನ್ನು ಹೆಚ್ಚಿನ ಕಡೆ ಅವರ ಸಭೆಯೇ ತೀರ್ಮಾನಿಸುತ್ತಿತ್ತು. ಮೂರು ನಾಲ್ಕು ತಲೆಮಾರು ಹೀಗೇ ನಡೆದರೆ ಅದು ಬರೀ ರೂಢಿಯಾಗಿ ಉಳಿಯುವುದಿಲ್ಲ, ಹಕ್ಕು ಆಗುತ್ತದೆ.

ಯುದ್ಧದ ಸಾಲ, ಛಾಪಾ ಕಾಗದದ ಜಗಳ

ಊರು ಬಿಟ್ಟು ದೂರ ಹೋಗಿ ತೋಟ ಮಾಡಿದ ಮಗನನ್ನು ಊಹಿಸಿಕೊಳ್ಳಿ. ಹಿರಿಮನೆಯವರು ಎಷ್ಟೋ ವರ್ಷ ಅವನ ಲೆಕ್ಕ ಕೇಳಲೇ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ "ಮನೆಗೆ ಸಾಲ ಆಗಿದೆ, ನಿನ್ನ ತೋಟದ ಬೆಳೆಗೆ ಇಷ್ಟು ಕಟ್ಟು" ಎಂದು ಚೀಟಿ ಕಳಿಸಿದರು. ಮೊತ್ತ ಸಣ್ಣದು. ಆದರೂ ಅವನಿಗೆ ಚುಚ್ಚುತ್ತದೆ. ನನ್ನನ್ನು ಕೇಳದೆ ಬರೆದರಲ್ಲ ಎಂದು.

1763ರಲ್ಲಿ ಆದದ್ದು ಇದೇ. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಏಳು ವರ್ಷಗಳ ಯುದ್ಧ ಮುಗಿದಿತ್ತು. ಯುರೋಪಿನಲ್ಲಿ, ಭಾರತದಲ್ಲಿ, ಅಮೆರಿಕದಲ್ಲಿ, ಸಮುದ್ರದ ಮೇಲೆ ನಡೆದ ಯುದ್ಧ ಅದು. ಬ್ರಿಟನ್ ಗೆದ್ದು ಕೆನಡಾವನ್ನು ಪಡೆಯಿತು. ಜೊತೆಗೆ ಅದರ ಸಾಲ ಹೆಚ್ಚು ಕಡಿಮೆ ದುಪ್ಪಟ್ಟಾಯಿತು. ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಯೋಜನೆಯೂ ಇತ್ತು. ಆ ಖರ್ಚಿನ ಒಂದು ಪಾಲನ್ನು ಅಲ್ಲಿನವರು ಕೊಡಲಿ ಎಂಬುದು ಲಂಡನ್ನಿನ ವಾದ. ಅದೇ ವರ್ಷ ಇನ್ನೊಂದು ಆದೇಶ ಬಂತು. ಅಪಲೇಷಿಯನ್ ಬೆಟ್ಟಸಾಲಿನ ಆಚೆ ಯಾರೂ ಹೋಗಿ ನೆಲೆಸಬಾರದು. ಮೂಲನಿವಾಸಿಗಳ ಜೊತೆ ಮತ್ತೆ ಯುದ್ಧವಾದರೆ ಖರ್ಚು ಎಂಬ ಲೆಕ್ಕ ಅದು. ಪಶ್ಚಿಮದ ಜಮೀನಿನ ಮೇಲೆ ಕಣ್ಣಿಟ್ಟಿದ್ದವರಿಗೆ ಇದು ಹಿಡಿಸಲಿಲ್ಲ.

1765ರಲ್ಲಿ ಸ್ಟ್ಯಾಂಪ್ ಕಾಯಿದೆ ಬಂತು. ಇದನ್ನು ನಮಗೆ ವಿವರಿಸುವುದು ಸುಲಭ. ಮನೆ ಬಾಡಿಗೆ ಕರಾರಿಗೆ, ಜಮೀನಿನ ಕ್ರಯಪತ್ರಕ್ಕೆ ನಾವು ಛಾಪಾ ಕಾಗದದ ಶುಲ್ಕ ಕಟ್ಟುತ್ತೇವಲ್ಲ, ಅದೇ ಜಾತಿಯ ತೆರಿಗೆ. ಕೋರ್ಟು ಪತ್ರ, ಕರಾರು, ಪತ್ರಿಕೆ, ಪಂಚಾಂಗ, ಕೊನೆಗೆ ಇಸ್ಪೀಟ್ ಎಲೆಗೂ ಮುದ್ರೆ ಬೇಕು. ಇಂಗ್ಲೆಂಡಿನಲ್ಲಿ ಇದು ಮೊದಲಿನಿಂದಲೂ ಇತ್ತು. ಆದರೆ ಅಮೆರಿಕದಲ್ಲಿ ಇದು ತಾಗಿದ್ದು ಯಾರಿಗೆ ನೋಡಿ: ವಕೀಲರು, ಪತ್ರಿಕೆ ಮುದ್ರಿಸುವವರು, ವ್ಯಾಪಾರಿಗಳು. ಊರಲ್ಲಿ ಅತಿ ಜಾಸ್ತಿ ಮಾತಾಡುವವರು, ಬರೆಯುವವರು ಇವರೇ. ಗದ್ದಲ ಎದ್ದಿತು.

ಅವರ ವಾದ ಸರಳ. ಜನರು ಆರಿಸಿದ ಪ್ರತಿನಿಧಿಗಳು ಒಪ್ಪದೆ ತೆರಿಗೆ ಹಾಕಬಾರದು ಎಂಬುದು ಇಂಗ್ಲಿಷರ ಹಳೆಯ ಹಕ್ಕು. ನಾವೂ ಇಂಗ್ಲಿಷರೇ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮವರು ಒಬ್ಬರೂ ಇಲ್ಲ. ಹಾಗಾದರೆ ಅದು ನಮ್ಮ ಮೇಲೆ ತೆರಿಗೆ ಹೇಗೆ ಹಾಕುತ್ತದೆ? ಲಂಡನ್ನಿನ ಉತ್ತರವೂ ಪೂರ್ತಿ ಹುರುಳಿಲ್ಲದ್ದಲ್ಲ. ಮ್ಯಾಂಚೆಸ್ಟರ್‌ನಂಥ ಊರಿಗೂ ಆಗ ಪಾರ್ಲಿಮೆಂಟಿನಲ್ಲಿ ಸ್ವಂತ ಸದಸ್ಯರಿರಲಿಲ್ಲ. ಪಾರ್ಲಿಮೆಂಟು ಇಡೀ ಸಾಮ್ರಾಜ್ಯದ ಪರವಾಗಿ ಯೋಚಿಸುತ್ತದೆ ಎಂದು ಅವರು ಹೇಳಿದರು.

ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಅವರು ತಮ್ಮವರ ಮೇಲೆ ತಿರುಗಿಬಿದ್ದದ್ದು ತಾವೂ ಇಂಗ್ಲಿಷರು ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದರಿಂದಲೇ. ಹೊರಗಿನವರು ಅನ್ಯಾಯ ಮಾಡಿದರೆ ಸಿಟ್ಟು ಬರುತ್ತದೆ. ನಮ್ಮ ಮನೆಯವರೇ ನಮ್ಮನ್ನು ಹೊರಗಿನವರಂತೆ ನಡೆಸಿಕೊಂಡರೆ ಬರುವ ನೋವು ಬೇರೆ.

ಸ್ಟ್ಯಾಂಪ್ ಕಾಯಿದೆಯನ್ನು ಮರುವರ್ಷವೇ ವಾಪಸು ಪಡೆದರು. ಆದರೆ ಅದೇ ದಿನಗಳಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿ, ವಸಾಹತುಗಳಿಗೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಅಧಿಕಾರ ತನಗಿದೆ ಎಂದು ಬರೆದಿಟ್ಟುಕೊಂಡಿತು. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಬಂತು. ಮತ್ತೆ ಬಹಿಷ್ಕಾರ. 1770ರ ಮಾರ್ಚ್ 5ರಂದು ಬಾಸ್ಟನ್ನಿನಲ್ಲಿ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿ ಐವರು ಸತ್ತರು. ಆ ವರ್ಷ ಉಳಿದ ಸುಂಕಗಳೆಲ್ಲ ಹೋದವು. ಚಹಾದ್ದು ಮಾತ್ರ ಉಳಿಯಿತು. ಹಣಕ್ಕಿಂತ ಅಧಿಕಾರವನ್ನು ತೋರಿಸಿಕೊಳ್ಳಲು ಅದು ಬೇಕಿತ್ತು.

ಚಹಾ ದುಬಾರಿ ಆಗಲಿಲ್ಲ, ಅಗ್ಗವಾಯಿತು

ಚಹಾದ ಬೆಲೆ ಏರಿದ್ದಕ್ಕೆ ಜನ ಸಿಟ್ಟಾದರು ಎಂದು ತುಂಬ ಮಂದಿ ತಿಳಿದಿದ್ದಾರೆ. ನಾನೂ ಶಾಲೆಯಲ್ಲಿ ಹಾಗೇ ತಿಳಿದಿದ್ದೆ. ನಡೆದದ್ದು ತದ್ವಿರುದ್ಧ. ಇದರ ಒಂದು ಎಳೆ ಬಂಗಾಳಕ್ಕೆ ಬರುತ್ತದೆ.

1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ಕಂದಾಯ ವಸೂಲಿ ಹಕ್ಕು ಸಿಕ್ಕಿತು. ಐದೇ ವರ್ಷದಲ್ಲಿ ಅಲ್ಲಿ ಭೀಕರ ಬರಗಾಲ ಬಂದು ಲಕ್ಷಗಟ್ಟಲೆ ಜನ ಸತ್ತರು. ಅದರ ಮೇಲೆ ಸೈನ್ಯದ ಖರ್ಚು, ಅಧಿಕಾರಿಗಳ ಲೂಟಿ, ಲಂಡನ್ನಿನ ಹಣದ ಬಿಕ್ಕಟ್ಟು ಸೇರಿ 1772ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು. ಅದರ ಗೋದಾಮುಗಳಲ್ಲಿ ಚೀನಾದಿಂದ ತಂದ ಸುಮಾರು 1.7 ಕೋಟಿ ಪೌಂಡ್ ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ಕಂಪನಿ ಮುಳುಗಿದರೆ ಅದರ ಷೇರು ಹಿಡಿದವರೂ ಮುಳುಗುತ್ತಾರೆ. ಸರ್ಕಾರ 1773ರಲ್ಲಿ ಚಹಾ ಕಾಯಿದೆ ತಂದಿತು. ಕಂಪನಿ ತನ್ನ ಚಹಾವನ್ನು ಬ್ರಿಟನ್ನಿನ ಸುಂಕವಿಲ್ಲದೆ, ನಡುವಿನ ವ್ಯಾಪಾರಿಗಳಿಲ್ಲದೆ ನೇರವಾಗಿ ಅಮೆರಿಕಕ್ಕೆ ಕಳಿಸಬಹುದು. ಅಮೆರಿಕದಲ್ಲಿ ಒಂದು ಪೌಂಡ್ ತೂಕದ ಚಹಾಕ್ಕೆ ಮೂರು ಪೆನ್ಸ್ ಸುಂಕ ಮಾತ್ರ ಕಟ್ಟಬೇಕು. ಕಳ್ಳಸಾಗಣೆಯ ಡಚ್ ಚಹಾಕ್ಕೂ ಪೈಪೋಟಿ ಕೊಡುವಷ್ಟು ಅಗ್ಗ!

ಮತ್ತೆ ಸಿಟ್ಟು ಯಾಕೆ? ಅಗ್ಗ ಅಂತ ಕೊಂಡರೆ ಆ ಮೂರು ಪೆನ್ಸ್ ಸುಂಕವನ್ನು ಒಪ್ಪಿಕೊಂಡ ಹಾಗಾಗುತ್ತದೆ. ಅದೂ ಅಲ್ಲದೆ, ಇವತ್ತು ಚಹಾ ಒಂದೇ ಕಂಪನಿಯ ಕೈಗೆ ಹೋದರೆ ನಾಳೆ ಇನ್ನೊಂದು ಸರಕು ಹೋಗಬಹುದು. ಸ್ಥಳೀಯ ವ್ಯಾಪಾರಿಗಳಿಗೂ ಕಳ್ಳಸಾಗಣೆಗಾರರಿಗೂ ಹೊಟ್ಟೆಗೆ ಹೊಡೆತ. ಬಂಗಾಳದಲ್ಲಿ ಕಂಪನಿ ಏನು ಮಾಡಿತು ಎಂಬ ಸುದ್ದಿಯೂ ಅಮೆರಿಕದ ಬರಹಗಳಲ್ಲಿ ಬರುತ್ತಿತ್ತು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಮೂರು ಹಡಗುಗಳನ್ನು ಹತ್ತಿದ ಗುಂಪು 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿಯಿತು. 40 ಟನ್ನಿಗೂ ಹೆಚ್ಚು.

ಎಷ್ಟೋ ವಸಾಹತುಗಳ ದೊಡ್ಡವರಿಗೆ ಇದು ಸರಿ ಕಾಣಲಿಲ್ಲ. ಆಸ್ತಿ ಹಾಳುಮಾಡಬಾರದಿತ್ತು ಎಂದರು. ಅವರನ್ನು ಬಾಸ್ಟನ್ನಿನ ಕಡೆಗೆ ತಳ್ಳಿದ್ದು ಲಂಡನ್ನಿನ ಶಿಕ್ಷೆ. 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿದರು. ಮ್ಯಾಸಚೂಸೆಟ್ಸ್‌ನ ಆಡಳಿತ ಪತ್ರವನ್ನೇ ಬದಲಿಸಿ, ಊರಸಭೆಗಳಿಗೂ ಕಡಿವಾಣ ಹಾಕಿದರು. ಪಕ್ಕದ ಮನೆಗೆ ಹೀಗಾದರೆ ನಾಳೆ ನಮ್ಮ ಮನೆಗೂ ಆಗುತ್ತದಲ್ಲ ಎಂಬ ಭಯ ಹುಟ್ಟಿತು. ಬಾಸ್ಟನ್ನಿಗೆ ಕೆರೊಲಿನಾದಿಂದ ಅಕ್ಕಿ, ಕನೆಕ್ಟಿಕಟ್‌ನಿಂದ ಕುರಿ ಬಂದವು. ಆ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಬಿಟ್ಟು ಉಳಿದ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ಇದೇ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್. ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷವಲ್ಲ, ಪ್ರತಿನಿಧಿಗಳ ಸಭೆ.

ಗುಂಡು ಮೊದಲು, ಘೋಷಣೆ ಆಮೇಲೆ

ಸ್ವಾತಂತ್ರ್ಯ ಘೋಷಿಸಿದ ಮೇಲೆ ಯುದ್ಧ ಶುರುವಾಯಿತು ಎಂದುಕೊಳ್ಳುವುದು ಸಹಜ. ಆದರೆ ಯುದ್ಧ ಶುರುವಾದದ್ದು 1775ರ ಏಪ್ರಿಲ್ 19ರಂದು. ಕಾಂಕರ್ಡ್ ಎಂಬ ಊರಿನಲ್ಲಿ ಕೂಡಿಟ್ಟಿದ್ದ ಮದ್ದುಗುಂಡು ಹಿಡಿಯಲು ಹೊರಟ ಬ್ರಿಟಿಷ್ ಪಡೆಗೆ ಲೆಕ್ಸಿಂಗ್ಟನ್‌ನಲ್ಲಿ ಊರಿನ ರೈತರ ಪಡೆ ಎದುರಾಯಿತು. ಎಂಟು ಮಂದಿ ಊರವರು ಸತ್ತರು. ಅಲ್ಲಿಂದ ಘೋಷಣೆಗೆ ಇನ್ನೂ ಹದಿನಾಲ್ಕು ತಿಂಗಳು ಇತ್ತು.

ಆ ಹದಿನಾಲ್ಕು ತಿಂಗಳೂ ಅವರು ಏನು ಮಾಡುತ್ತಿದ್ದರು? ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಅರ್ಜಿ. ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ಅವರನ್ನು ಸೇನಾಪತಿ ಮಾಡಿದ ಕಾಂಗ್ರೆಸ್ಸೇ ಮುಂದಿನ ತಿಂಗಳು ರಾಜ ಮೂರನೇ ಜಾರ್ಜ್‌ಗೆ ವಿನಮ್ರವಾಗಿ ಮನವಿ ಬರೆಯಿತು. ಅಲ್ಲಿಯವರೆಗೆ ಅವರ ಸಿಟ್ಟು ಮಂತ್ರಿಗಳ ಮೇಲೆ, ಪಾರ್ಲಿಮೆಂಟಿನ ಮೇಲೆ. ರಾಜ ಒಳ್ಳೆಯವನು, ಸುತ್ತ ಇರುವವರು ಕೆಟ್ಟವರು ಎಂಬ ನಂಬಿಕೆ. ರಾಜ ಆ ಮನವಿಗೆ ಉತ್ತರ ಕೊಡಲಿಲ್ಲ. ಅವರು ಬಂಡುಕೋರರು ಎಂದು ಸಾರಿದ.

1776ರ ಜನವರಿಯಲ್ಲಿ ಥಾಮಸ್ ಪೇನ್ ಎಂಬವರ ಒಂದು ಕಿರುಹೊತ್ತಿಗೆ ಬಂತು. ಪೇನ್ ಇಂಗ್ಲೆಂಡಿನಿಂದ ಬಂದು ಇನ್ನೂ ಎರಡು ವರ್ಷವೂ ಆಗಿರಲಿಲ್ಲ. ರಾಜನೇ ಯಾಕೆ ಬೇಕು ಎಂದು ಅವರು ಆಡುಮಾತಿನ ಧಾಟಿಯಲ್ಲಿ ನೇರವಾಗಿ ಕೇಳಿದರು. ಜನ ಮನಸ್ಸಿನಲ್ಲಿ ಅದುಮಿಟ್ಟುಕೊಂಡಿದ್ದ ಮಾತು ಅಂಗಡಿ ಕಟ್ಟೆಗೆ ಬಂತು.

ಹೊರಗಿನ ಸಹಾಯದ ಲೆಕ್ಕವೂ ಇತ್ತು. ಬ್ರಿಟನ್ನಿನ ಮೇಲೆ ಸೇಡು ತೀರಿಸಿಕೊಳ್ಳಲು ಫ್ರಾನ್ಸ್ ಕಾಯುತ್ತಿತ್ತು. ಆದರೆ ರಾಜನ ಪ್ರಜೆಗಳ ಮನೆಜಗಳಕ್ಕೆ ಇನ್ನೊಂದು ದೇಶ ಬಹಿರಂಗವಾಗಿ ಬರುವುದು ಹೇಗೆ? ನಾವು ಬೇರೆ ಎಂದು ಮೊದಲು ಸಾರಬೇಕು. ಜುಲೈ 2ರಂದು ಕಾಂಗ್ರೆಸ್ ಬೇರೆಯಾಗುವ ನಿರ್ಣಯ ಮಾಡಿತು. ಅದಕ್ಕೆ ಕಾರಣ ಹೇಳುವ ಪತ್ರವನ್ನು ಜುಲೈ 4ರಂದು ಒಪ್ಪಿಕೊಂಡಿತು. ಇವತ್ತು ಹಬ್ಬ ಮಾಡುವುದು ಈ ಜುಲೈ 4ನ್ನು.

ಪತ್ರವನ್ನು ಬರೆದವರು 33 ವರ್ಷದ ಥಾಮಸ್ ಜೆಫರ್ಸನ್. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ, ಸರ್ಕಾರದ ಅಧಿಕಾರ ಬರುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ, ಆ ಸರ್ಕಾರ ಹಕ್ಕುಗಳನ್ನು ಹಾಳುಮಾಡಿದರೆ ಜನ ಅದನ್ನು ಬದಲಿಸಬಹುದು ಎಂದು ಅದು ಹೇಳುತ್ತದೆ. ನಂತರ ರಾಜನ ಮೇಲಿನ ದೂರುಗಳ ಉದ್ದ ಪಟ್ಟಿ. ಗುಲಾಮರ ವ್ಯಾಪಾರಕ್ಕೆ ರಾಜನನ್ನು ದೂರುವ ಒಂದು ಭಾಗವೂ ಕರಡಿನಲ್ಲಿತ್ತು. ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ಜೆಫರ್ಸನ್ ತಮ್ಮ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದವರು. ಇದನ್ನು ಓದುವಾಗ ನನಗೆ ಪ್ರತಿಸಲವೂ ಮನಸ್ಸು ಭಾರವಾಗುತ್ತದೆ. ಅದೇ ಸಮಯಕ್ಕೆ ವರ್ಜೀನಿಯಾದ ಬ್ರಿಟಿಷ್ ಗವರ್ನರ್, ಬಂಡುಕೋರರ ಗುಲಾಮರು ಓಡಿಬಂದು ರಾಜನ ಪರ ಹೋರಾಡಿದರೆ ಬಿಡುಗಡೆ ಎಂದು ಸಾರಿದ್ದರು. ಆ ಸಾವಿರಾರು ಜನರಿಗೆ ಸ್ವಾತಂತ್ರ್ಯದ ದಾರಿ ಬ್ರಿಟಿಷರ ಬಿಡಾರದ ಕಡೆಗಿತ್ತು.

ಡೆಲವೇರ್ ಕೊಲ್ಲಿಯಲ್ಲಿ ಹೈದರ್ ಅಲಿ

ಮೊದಲ ವರ್ಷಗಳಲ್ಲಿ ವಾಷಿಂಗ್ಟನ್ ಸೋತದ್ದೇ ಹೆಚ್ಚು. ನ್ಯೂಯಾರ್ಕ್ ಕೈಬಿಟ್ಟುಹೋಯಿತು. ಸೈನಿಕರಿಗೆ ಬೂಟಿಲ್ಲ, ಸಂಬಳವಿಲ್ಲ. ಅವರು ಕಲಿತ ಪಾಠ ಒಂದೇ: ಸೈನ್ಯ ಉಳಿದಿದ್ದರೆ ಸಾಕು. 1777ರ ಅಕ್ಟೋಬರ್‌ನಲ್ಲಿ ಸಾರಟೋಗದಲ್ಲಿ ಒಂದಿಡೀ ಬ್ರಿಟಿಷ್ ಸೈನ್ಯ ಶರಣಾಯಿತು. 1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಬಹಿರಂಗವಾಗಿ ಜೊತೆಯಾಯಿತು. ಆಮೇಲೆ ಸ್ಪೇನ್, ನೆದರ್ಲೆಂಡ್ಸ್ ಕೂಡ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿದವು.

ಆಗ ಬ್ರಿಟನ್ ಎಷ್ಟು ಕಡೆ ಕಾದಾಡಬೇಕಾಯಿತು ಎಂದರೆ, ಅದರಲ್ಲಿ ಒಂದು ನಮ್ಮ ಮೈಸೂರು. 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿಯ ಒಂದು ಪಡೆಯನ್ನು ಪೂರ್ತಿ ಸೋಲಿಸಿದರು. ಸುದ್ದಿ ಅಮೆರಿಕವನ್ನೂ ಮುಟ್ಟಿತು. ಪೆನ್ಸಿಲ್ವೇನಿಯಾ ತನ್ನ ವ್ಯಾಪಾರದ ಹಡಗುಗಳನ್ನು ಕಾಯಲು ಸಜ್ಜುಮಾಡಿದ ಒಂದು ಯುದ್ಧನೌಕೆಯ ಹೆಸರು 'ಹೈದರ್ ಅಲಿ'. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಹೆಚ್ಚು ತೋಪುಗಳಿದ್ದ ಬ್ರಿಟಿಷ್ ಹಡಗೊಂದನ್ನು ಹಿಡಿಯಿತು. ಹೈದರ್ ಆಗ ಇನ್ನೂ ಬದುಕಿದ್ದರು. ತಮ್ಮ ಹೆಸರಿನ ಹಡಗು ಎಲ್ಲೋ ದೂರದ ಕಡಲಲ್ಲಿ ಗೆದ್ದದ್ದು ಅವರ ಕಿವಿಗೆ ಬಿದ್ದಿತ್ತೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಅಷ್ಟರಲ್ಲಿ ಅಮೆರಿಕದ ಮುಖ್ಯ ಯುದ್ಧ ಮುಗಿದಿತ್ತು. 1781ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಿ ಮುಚ್ಚಿತು. ನೆಲದ ಕಡೆಯಿಂದ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಷಾಂಬೊ ಮುತ್ತಿದರು. ಯಾರ್ಕ್‌ಟೌನ್‌ನಲ್ಲಿ ಸಿಕ್ಕಿಬಿದ್ದ ಜನರಲ್ ಕಾರ್ನ್‌ವಾಲಿಸ್ ಅಕ್ಟೋಬರ್ 19ರಂದು ಶರಣಾದ. ಹೌದು, ಅದೇ ಕಾರ್ನ್‌ವಾಲಿಸ್. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ, 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಪಡೆದವನು ಅವನೇ.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದದಲ್ಲಿ ಬ್ರಿಟನ್ ಸ್ವಾತಂತ್ರ್ಯವನ್ನು ಒಪ್ಪಿಕೊಂಡು, ಮಿಸಿಸಿಪ್ಪಿ ನದಿಯವರೆಗಿನ ನೆಲವನ್ನು ಬಿಟ್ಟುಕೊಟ್ಟಿತು. ಆ ನೆಲದಲ್ಲಿ ಬದುಕುತ್ತಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ರಾಜನ ಪರ ನಿಂತಿದ್ದ ಸುಮಾರು 60,000 ಮಂದಿ ಕೆನಡಾ, ಇಂಗ್ಲೆಂಡ್, ಕೆರಿಬಿಯನ್ ಕಡೆಗೆ ಹೊರಟುಹೋದರು.

ಗೆದ್ದಾಯಿತು, ಆದರೆ ದೇಶ ಎಲ್ಲಿದೆ?

ಬೇರೆಯಾದ ಕೂಡಲೇ ದೇಶ ಆಗಿಬಿಡಲಿಲ್ಲ. ನನಗೆ ಈ ಕಥೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಭಾಗ. ನಮ್ಮ ಪಠ್ಯಗಳಲ್ಲಿ ಇದಕ್ಕೆ ಜಾಗ ಕಡಿಮೆ.

1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟದ ಒಪ್ಪಂದ ಹೇಗಿತ್ತು ಎಂದರೆ, ನಮ್ಮ ಅಪಾರ್ಟ್‌ಮೆಂಟ್ ಸಂಘಗಳನ್ನು ನೆನಪಿಸಿಕೊಳ್ಳಿ. ಸಂಘ ಇದೆ, ಸಭೆ ಸೇರುತ್ತದೆ, ನಿರ್ಣಯ ಆಗುತ್ತದೆ. ಆದರೆ ತಿಂಗಳ ನಿರ್ವಹಣೆ ಹಣವನ್ನು ಕಟ್ಟಲೇಬೇಕು ಎಂದು ಹೇಳುವ ಅಧಿಕಾರ ಸಂಘಕ್ಕೆ ಇಲ್ಲ. ದಯವಿಟ್ಟು ಕೊಡಿ ಎಂದು ಕೇಳಬಹುದು, ಅಷ್ಟೇ. ಲಿಫ್ಟ್ ಕೆಟ್ಟರೆ? ಕಾಂಗ್ರೆಸ್ಸಿನ ಸ್ಥಿತಿ ಹಾಗಿತ್ತು. ಅದು ತೆರಿಗೆ ಹಾಕುವಂತಿಲ್ಲ. ದೇಶಕ್ಕೊಬ್ಬ ಅಧ್ಯಕ್ಷನಿಲ್ಲ. ರಾಷ್ಟ್ರಮಟ್ಟದ ನ್ಯಾಯಾಲಯಗಳ ವ್ಯವಸ್ಥೆ ಇಲ್ಲ. ಒಪ್ಪಂದ ತಿದ್ದಲು ಹದಿಮೂರು ರಾಜ್ಯಗಳೂ ಒಪ್ಪಬೇಕು. ದೂರದ ಸರ್ಕಾರವೊಂದು ತೆರಿಗೆ ಹಾಕಿದ್ದಕ್ಕೆ ಬಂಡೆದ್ದ ಜನ ಇನ್ನೊಂದು ಅಂಥ ಸರ್ಕಾರವನ್ನು ಕಟ್ಟಿಕೊಳ್ಳಲು ಹೆದರಿದ್ದು ಸಹಜ.

ಯುದ್ಧಕಾಲದಲ್ಲಿ ಕಾಂಗ್ರೆಸ್ ಅಚ್ಚು ಹಾಕಿದ ನೋಟುಗಳು ಬೆಲೆ ಕಳೆದುಕೊಂಡಿದ್ದವು. ಮ್ಯಾಸಚೂಸೆಟ್ಸ್ ತನ್ನ ಸಾಲ ತೀರಿಸಲು ರೈತರ ಮೇಲೆ ತೆರಿಗೆ ಏರಿಸಿತು. ಕಟ್ಟಲಾಗದವರ ಜಮೀನು ಜಪ್ತಿ, ಕೆಲವರಿಗೆ ಜೈಲು. ಅವರಲ್ಲಿ ಎಷ್ಟೋ ಮಂದಿ ಇದೇ ಸ್ವಾತಂತ್ರ್ಯಕ್ಕೆ ಬಂದೂಕು ಹಿಡಿದವರು. 1786ರಲ್ಲಿ ಡೇನಿಯಲ್ ಶೇಸ್ ಎಂಬ ಮಾಜಿ ಸೇನಾಧಿಕಾರಿಯ ಜೊತೆ ಅವರು ದಂಗೆಯೆದ್ದು ಕೋರ್ಟುಗಳನ್ನು ಮುಚ್ಚಿಸಿದರು. ಅಡಗಿಸಲು ಕಾಂಗ್ರೆಸ್ಸಿನ ಬಳಿ ಸೈನ್ಯಕ್ಕೆ ಕೊಡಲು ಹಣವೇ ಇರಲಿಲ್ಲ. ಬಾಸ್ಟನ್ನಿನ ಶ್ರೀಮಂತ ವ್ಯಾಪಾರಿಗಳು ದುಡ್ಡು ಹಾಕಿ ಪಡೆ ಕಟ್ಟಿದರು.

ಇದು ಹಲವರನ್ನು ಗಾಬರಿಗೊಳಿಸಿತು. 1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಮತ್ತೆ ಸಭೆ. 55 ಪ್ರತಿನಿಧಿಗಳು ಬಂದರು, ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ಹಳೆ ಒಪ್ಪಂದವನ್ನು ತಿದ್ದಲು ಸೇರಿದವರು ಬೇಸಿಗೆಯ ಸೆಕೆಯಲ್ಲಿ ಗುಟ್ಟಾಗಿ ಕುಳಿತು ಹೊಸ ಸಂವಿಧಾನವನ್ನೇ ಬರೆದರು.

ದೊಡ್ಡ ಜಗಳ ಇದ್ದದ್ದು ಲೆಕ್ಕದಲ್ಲಿ. ಜನಸಂಖ್ಯೆ ನೋಡಿ ಸ್ಥಾನ ಕೊಡಬೇಕೇ, ರಾಜ್ಯಕ್ಕೆ ಸಮನಾಗಿ ಕೊಡಬೇಕೇ? ಎರಡು ಸದನ ಮಾಡಿದರು. ಒಂದರಲ್ಲಿ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ಸಣ್ಣದಿರಲಿ ದೊಡ್ಡದಿರಲಿ ರಾಜ್ಯಕ್ಕೆ ಇಬ್ಬರು. ನಮ್ಮ ರಾಜ್ಯಸಭೆಯಲ್ಲಿ ದೊಡ್ಡ ರಾಜ್ಯಕ್ಕೆ ಹೆಚ್ಚು ಸ್ಥಾನ, ಅಲ್ಲಿ ಹಾಗಿಲ್ಲ. ಇನ್ನು ಗುಲಾಮರನ್ನು ಜನಸಂಖ್ಯೆಯಲ್ಲಿ ಸೇರಿಸಬೇಕೇ? ಐವರನ್ನು ಮೂವರೆಂದು ಎಣಿಸುವ ರಾಜಿಯಾಯಿತು. ಎಣಿಕೆಗೆ ಬಂದ ಆ ಜನರಿಗೆ ಮತ ಇಲ್ಲ. ಅವರ ತಲೆಲೆಕ್ಕದಿಂದ ಹೆಚ್ಚು ಸ್ಥಾನ ಸಿಕ್ಕಿದ್ದು ಅವರ ಒಡೆಯರ ರಾಜ್ಯಗಳಿಗೆ.

ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕು ಎಂದಿತ್ತು. 1788ರ ಜೂನ್‌ನಲ್ಲಿ ಒಂಬತ್ತನೆಯದಾಗಿ ನ್ಯೂ ಹ್ಯಾಂಪ್‌ಶೈರ್ ಒಪ್ಪಿತು. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಮೊದಲ ಅಧ್ಯಕ್ಷರಾದರು. ರೋಡ್ ಐಲೆಂಡ್ ಒಳಗೆ ಬಂದದ್ದು 1790ರ ಮೇ ತಿಂಗಳಲ್ಲಿ. ಅಂದರೆ ದೇಶಕ್ಕೆ ಅಧ್ಯಕ್ಷರು ಬಂದು ಒಂದು ವರ್ಷ ದಾಟಿದರೂ ಹದಿಮೂರರಲ್ಲಿ ಒಂದು ಹೊರಗೇ ಇತ್ತು.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಹುಡುಗಿ ತನ್ನ ಶಾಲೆಯ ಪುಸ್ತಕದಲ್ಲಿದ್ದ ಸಂವಿಧಾನವನ್ನು ತೆಗೆದು ನೋಡಿದಳು. ದೇಶದ್ರೋಹದ ಬಗ್ಗೆ ಹೇಳುವ ಕಡೆ ಒಂದು ಪದ ಅವಳ ಕಣ್ಣಿಗೆ ಬಿತ್ತು. ಸಂಯುಕ್ತ ಸಂಸ್ಥಾನದ ವಿರುದ್ಧ ಯುದ್ಧ ಹೂಡುವುದು ಎಂದು ಬರೆಯುವಾಗ ಅಲ್ಲಿ 'ಅದರ ವಿರುದ್ಧ' ಎಂದಿಲ್ಲ, 'ಅವುಗಳ ವಿರುದ್ಧ' ಎಂಬ ಅರ್ಥದ ಪದವಿದೆ. ಗುಲಾಮಗಿರಿಯನ್ನು ತೆಗೆದುಹಾಕಿದ 1865ರ ತಿದ್ದುಪಡಿಯಲ್ಲೂ ಹಾಗೇ ಇದೆ. "ಚಿಕ್ಕಪ್ಪ, ಇದು ಅಚ್ಚಿನ ತಪ್ಪಾ?" ಎಂದಳು. ತಪ್ಪಲ್ಲ ಪುಟ್ಟಿ, ಬರೆದವರಿಗೆ ಅದು ಇನ್ನೂ ಹಾಗೇ ಕಾಣುತ್ತಿತ್ತು ಎಂದೆ.